ಕಣಗಿಲದ ಮೇಲಿನ ಗುಲಾಬಿ

ಹೋತ ಅಂಗಳದಲ್ಲಿ ಅಡ್ಡಬಿದ್ದದ್ದನ್ನು ಕಂಡು ಜೋಹರಾ ಮೊದಲು ಬೈದದ್ದು ಗಂಡನನ್ನು.

"ಹಗ್ಗಾ ಸಡಲ ಬಿಡಬ್ಯಾಡ್ರಿ ಅಂತ ಎಷ್ಟು ಸಲ ಬಡಕೋಬೇಕ್ರಿ ನಾ? ನೋಡ್ರಿಲ್ಲೆ, ಏನು ತಿಂದೈತೋ ಏನೋ!"

ಅಮೀನಸಾಬ ಚಹಾದ ಕಪ್ಪನ್ನು ಅಲ್ಲೇ ಬಿಟ್ಟು ಓಡಿಬಂದ. ಬಕ್ರೀದಿಗೆಂದು ಎಂಟು ತಿಂಗಳಿನಿಂದ ಸಾಕಿದ ಹೋತ ಅದು. ಹಬ್ಬಕ್ಕೆ ಇನ್ನು ಹದಿನೈದು ದಿನವೂ ಇರಲಿಲ್ಲ. ಅದರ ಬಾಯಲ್ಲಿ ನೊರೆ, ಕಾಲುಗಳು ಆಗಾಗ ಸೆಟೆಯುತ್ತಿದ್ದವು. ಕಣ್ಣು ತೆರೆದೇ ಇತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಬುಟ್ಟಿ ಬೋರಲಾಗಿ ಬಿದ್ದಿತ್ತು. ಹಿಂದಿನ ಸಂಜೆ ಮಾಳಿಗೆಯ ಗಿಡಗಳನ್ನು ಸವರಿ ಜೋಹರಾ ತುಂಬಿಟ್ಟಿದ್ದ ಟೊಂಗೆಗಳಲ್ಲಿ ಅರ್ಧದಷ್ಟು ಖಾಲಿಯಾಗಿದ್ದವು.

"ಚಾಕು ತಾ. ಜೀವ ಇರೋದ್ರೊಳಗ ಹಲಾಲ್ ಮಾಡೂಣು, ಮಾಂಸರೆ ಉಳೀತೈತಿ" ಎಂದ ಅಮೀನಸಾಬ.

"ಕುರ್ಬಾನಿ ಹೋತರೀ ಅದು! ಮೊದ್ಲ ಡಾಕ್ಟರಿಗೆ ಫೋನ್ ಹಚ್ಚರಿ" ಎಂದು ಜೋಹರಾ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ದನದ ದವಾಖಾನೆಯ ಡಾಕ್ಟರ್ ಮುಬಶೀರಾ ಸ್ಕೂಟಿ ಹತ್ತಿ ಬರುವುದಕ್ಕೆ ಒಂದೂವರೆ ತಾಸು ಹಿಡಿಯಿತು. ಅಷ್ಟರಲ್ಲಿ ಈ ಜೋಹರಾ ಯಾರು, ಆ ಟೊಂಗೆಗಳು ಯಾವುವು ಎಂಬುದನ್ನು ಹೇಳಿಬಿಡುವುದು ಒಳ್ಳೆಯದು. ಆಮೇಲೆ ಹೇಳುವುದಕ್ಕೆ ಪುರುಸೊತ್ತು ಸಿಗುವುದಿಲ್ಲ.

ಗುಳೇದಗುಡ್ಡದಲ್ಲಿ ಹುಟ್ಟಿ, ಹದಿನೆಂಟಕ್ಕೆ ಇಳಕಲ್ಲಿಗೆ ಸೊಸೆಯಾಗಿ ಬಂದವಳು ಜೋಹರಾ. ಗಂಡ ಕೆಂಪು ಕಲ್ಲಿನ ಲಾರಿ ಓಡಿಸುತ್ತಿದ್ದ. ಇವಳು ನೇಕಾರರ ಮನೆಗಳಿಗೆ ಹೋಗಿ ಹಾಸು ಕೆಚ್ಚುತ್ತಿದ್ದಳು. ಮಗ್ಗದಲ್ಲಿ ಸೀರೆಯ ಉದ್ದೆಳೆಗಳ ಹಳೆಯ ಹಾಸು ಮುಗಿಯುವ ಹೊತ್ತಿಗೆ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸಬೇಕು. ಬೆರಳಿಗೆ ಚಿಟಿಕೆ ಬೂದಿ ಹಚ್ಚಿಕೊಂಡು, ಎರಡು ತುದಿ ಕೂಡಿಸಿ, ಒಂದು ತಿರುವು. ಸಾವಿರಾರು ಎಳೆ, ಸಾವಿರಾರು ತಿರುವು. ಜೋಹರಾ ಕೆಚ್ಚಿದ ಹಾಸಿನಲ್ಲಿ ಒಂದು ಎಳೆಯೂ ಬಿಚ್ಚುವುದಿಲ್ಲ ಎಂಬ ಮಾತು ಓಣಿಯಲ್ಲಿತ್ತು. ಅವಳೂ ಅದನ್ನು ಕೇಳಿಸಿಕೊಳ್ಳದವಳಂತೆ ಕೇಳಿಸಿಕೊಂಡು ಉಬ್ಬುತ್ತಿದ್ದಳು.

ನಲವತ್ತೈದಕ್ಕೆ ಕಣ್ಣು ಕೈಕೊಟ್ಟವು. ಚಾಳೀಸಿನ ಕನ್ನಡಕ ಹಾಕಿಕೊಂಡರೂ ಎಳೆ ಎರಡೆರಡಾಗಿ ಕಾಣತೊಡಗಿದಾಗ ಆ ಕೆಲಸ ಬಿಟ್ಟಳು. ಕೈ ಮಾತ್ರ ಸುಮ್ಮನಿರಲು ಒಪ್ಪಲಿಲ್ಲ. ಆ ಕಾಲದಲ್ಲೇ ಬಾದಾಮಿಯ ಒಂದು ಮದುವೆಗೆ ಹೋಗಿದ್ದಾಗ ಹಾಲ್‌ನ ಮುಂದೆ ಕುಂಡದಿಂದ ಮುರಿದು ಬಿದ್ದ ಟೊಂಗೆಯೊಂದು ಕಂಡಿತು. ದಪ್ಪ ಕಾಂಡ, ತುದಿಯಲ್ಲಿ ಗುಲಾಬಿ ಬಣ್ಣದ ಐದೆಸಳಿನ ಹೂವು. ಎತ್ತಿ ಬ್ಯಾಗಿಗೆ ಹಾಕಿಕೊಂಡಳು. ಮನೆಗೆ ಬಂದವಳಿಗೆ ಅದರ ನೆನಪೇ ಹಾರಿಹೋಯಿತು. ಆರನೆಯ ದಿನ ಬ್ಯಾಗು ಒಗೆಯಲು ತೆಗೆದರೆ ಟೊಂಗೆ ಹಾಗೇ ಇತ್ತು. ಮುರಿದ ಬಾಯಿ ಒಣಗಿ ಹಕ್ಕಳೆಗಟ್ಟಿತ್ತು. ಹಾಳು ಡಬ್ಬಿಗೆ ಚುಚ್ಚಿದಳು, ಚಿಗುರಿತು. ಹಾಗೆ ಒಣಗಿಸಿ ನೆಟ್ಟರೇ ಅದು ಬದುಕುತ್ತದೆ, ಹಸಿಯದನ್ನು ನೆಟ್ಟರೆ ಕೊಳೆಯುತ್ತದೆ ಎಂಬುದು ಅವಳಿಗೆ ಆಮೇಲೆ, ನಾಲ್ಕು ಟೊಂಗೆ ಕೊಳೆಸಿದ ಮೇಲೆ ತಿಳಿಯಿತು. ಮರೆವಿನಿಂದ ಬದುಕಿದ ಮೊದಲ ಗಿಡ ಅದೇ.

ಅಡೇನಿಯಂ ಎಂಬ ಹೆಸರು ಅವಳ ನಾಲಿಗೆಗೆ ಒಗ್ಗಲಿಲ್ಲ. ಬುಡ ಗಡ್ಡೆಯ ಹಾಗೆ ಉಬ್ಬುತ್ತದೆ, ಹೂವು ನೋಡಲು ಚೆಂದ. ಅದಕ್ಕೇ 'ಗಡ್ಡಿ ಗುಲಾಬಿ' ಎಂದಳು. ಊರೂ ಹಾಗೇ ಅಂದಿತು. ನಳದ ನೀರು ಎಂಟು ದಿನಕ್ಕೊಮ್ಮೆ ಬರುವ ಊರಿನಲ್ಲಿ ಅದು ಹೇಳಿ ಮಾಡಿಸಿದ ಗಿಡ. ಬುಡದಲ್ಲೇ ನೀರು ಕೂಡಿಟ್ಟುಕೊಂಡು, ಉಳಿದ ಗಿಡಗಳೆಲ್ಲ ಸುಟ್ಟುಹೋಗುವ ಏಪ್ರಿಲ್ ತಿಂಗಳಲ್ಲಿ ಮೈತುಂಬ ಹೂ ಬಿಡುತ್ತದೆ. ಜೋಹರಾ ಕಲ್ಲಿನ ಕ್ರಷರಿನಿಂದ ನುಚ್ಚು ತರಿಸಿ, ಮಣ್ಣಿಗೆ ಮುಕ್ಕಾಲು ಪಾಲು ಅದನ್ನೇ ಬೆರೆಸಿದಳು. ಹೊಯ್ದ ನೀರು ನಿಲ್ಲಬಾರದು. ಟೊಂಗೆ ನೆಟ್ಟ ಗಿಡಕ್ಕೆ ಬುಡ ಉಬ್ಬುವುದಿಲ್ಲ, ಬೀಜದ್ದಕ್ಕೇ ಉಬ್ಬುವುದು ಎಂದು ಕಂಡುಕೊಂಡ ಮೇಲೆ ಬೀಜಕ್ಕೆ ಕೈಹಚ್ಚಿದಳು. ಕಾಯಿ ಜೋಡಿ ಕೊಂಬಿನ ಹಾಗೆ ಬಿಡುತ್ತದೆ. ಒಡೆದರೆ ಬೀಜ ಕೂದಲು ಬಿಚ್ಚಿ ಗಾಳಿಗೆ ಹಾರುತ್ತದೆ. ಒಡೆಯುವ ಮೊದಲೇ ರೇಷ್ಮೆ ಎಳೆಯಿಂದ ಕಾಯಿಗೆ ಸುತ್ತು ಹಾಕುತ್ತಿದ್ದಳು. ಕಸಿ ಕಟ್ಟುವುದಂತೂ ಅವಳಿಗೆ ಹಳೆಯ ಕೆಲಸವೇ. ಬೆರಳಿಗೆ ಬೂದಿ, ಎರಡು ತುದಿ ಕೂಡಿಸಿ ಎಳೆ ಬಿಗಿ. ಹತ್ತರಲ್ಲಿ ಒಂಬತ್ತು ಹತ್ತುತ್ತಿದ್ದವು.

ಒಮ್ಮೆ ಹುಚ್ಚು ಧೈರ್ಯಕ್ಕೆ ಹಿತ್ತಲಿನ ಕಣಗಿಲದ ಬುಡದ ಮೇಲೆ ಗಡ್ಡಿ ಗುಲಾಬಿಯ ಟೊಂಗೆ ಕಟ್ಟಿನೋಡಿದಳು. ಅದೂ ಹತ್ತಿತು. ಹತ್ತಿದ್ದಷ್ಟೇ ಅಲ್ಲ, ಕಣಗಿಲದ ಜೋರಿಗೆ ಎರಡು ಪಟ್ಟು ಬೆಳೆಯಿತು. ಒಂದು ತಿಂಗಳು ಜೋಹರಾಳ ಕಾಲು ನೆಲದ ಮೇಲಿರಲಿಲ್ಲ. ಕಣಗಿಲದ ವಿಷ ಯಾರಿಗೆ ಗೊತ್ತಿಲ್ಲ? ಅದರ ಬೇರು ಅರೆದು ಕುಡಿದು ಸತ್ತವರ ಕತೆ ಈ ಕಡೆಯ ಪ್ರತಿ ಊರಲ್ಲೂ ಒಂದಾದರೂ ಇದೆ. ಆದರೆ ವಿಷ ಕೆಳಗೆ, ಹೂವು ಮೇಲೆ. ಕಾಡು ಮಾವಿನ ಬುಡಕ್ಕೆ ಆಪೂಸು ಕಟ್ಟಿದರೆ ಹಣ್ಣು ಆಪೂಸಿನದೇ ಅಲ್ಲವೇ? ಇದು ಜೋಹರಾಳ ಲೆಕ್ಕಾಚಾರ. ಎರಡು ಜಾತಿ ಬೇರೆಬೇರೆಯಾಗಿದ್ದರೆ ಕಸಿ ಯಾಕೆ ಹತ್ತಿತು ಎಂದು ಅವಳು ಕೇಳಿಕೊಳ್ಳಲಿಲ್ಲ. ತನ್ನ ಕೈಗುಣ ಎಂದುಕೊಂಡಳು.

ಹಾಗೆ ಕಣಗಿಲದ ಮೇಲೆ ಕಟ್ಟಿದ ಬಿಳಿ ಹೂವಿನ ಗಿಡವೊಂದನ್ನು ಅವಳು ಗುರುಲಿಂಗವ್ವನಿಗೆ ಕೊಟ್ಟದ್ದು ಈ ವರ್ಷದ ಶಿವರಾತ್ರಿಯ ಮುಂಚೆ.

ಗುರುಲಿಂಗವ್ವ ಪಕ್ಕದ ಮನೆಯಾಕೆ. ನಡುವೆ ಎದೆಮಟ್ಟದ ಒಂದು ಗೋಡೆ. ಹತ್ತಿರಹತ್ತಿರ ನಲವತ್ತು ವರ್ಷದಿಂದ ಆ ಗೋಡೆಯ ಮೇಲೆ ಬಟ್ಟಲುಗಳು ಆ ಕಡೆ ಈ ಕಡೆ ಓಡಾಡಿವೆ. ಜೋಹರಾ ಅವಳನ್ನು ಅಕ್ಕ ಎನ್ನುತ್ತಾಳೆ. ಗುರುಲಿಂಗವ್ವನ ಮಗ ಸುನೀಲಕುಮಾರ ಜೋಹರಾಳನ್ನು ಖಾಲಾ, ಅಂದರೆ ಚಿಕ್ಕವ್ವ, ಎನ್ನುತ್ತಲೇ ಮೀಸೆ ಬಂದವನು. ಈಗ ಹುನಗುಂದದ ಹೈಸ್ಕೂಲಿನಲ್ಲಿ ಮಾಸ್ತರ. ಗುರುಲಿಂಗವ್ವ ಬಸವಣ್ಣನ ಭಕ್ತೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಹೂವು ಏರಿಸಿ ಪೂಜೆ ಮಾಡದೆ ಬಾಯಿಗೆ ನೀರು ಹಾಕಿದವಳಲ್ಲ. ಬೇಸಿಗೆ ಬಂತೆಂದರೆ ಹೂವಿಗೆ ಪರದಾಟ. ಮಲ್ಲಿಗೆಯ ಬಳ್ಳಿ ಒಣಗಿ ಕಡ್ಡಿ. ಕಣಗಿಲ ಮಾತ್ರ ಎಂಥ ಬಿಸಿಲಿಗೂ ಹೂ ಬಿಡುತ್ತದೆ, ಆದರೆ ಅದು ಆ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅತ್ತೆಯ ಕಾಲದಲ್ಲಿ ಆ ಮನೆಯ ಹೆಣ್ಣುಮಗಳೊಬ್ಬಳು ಅದರ ಬೇರಿನಿಂದಲೇ ಜೀವ ಕಳೆದುಕೊಂಡಿದ್ದಳು.

ಅದಕ್ಕೇ ಜೋಹರಾ ಗಿಡ ಕೊಡುವಾಗ ಬುಡ ಕಣಗಿಲದ್ದೆಂದು ಬಾಯಿಬಿಡಲಿಲ್ಲ. ಮೇಲಿನದು ಬೇರೆ ಹೂವು, ಸುಮ್ಮನೆ ಅಕ್ಕನ ಮನಸ್ಸಿಗೆ ಯಾಕೆ ಕಸಿವಿಸಿ ಎಂದುಕೊಂಡಳು. ಹೂವು ಕಂಡು ಗುರುಲಿಂಗವ್ವನಿಗೆ ಆದ ಖುಷಿ ಹೇಳತೀರದು. ಗಿಡದಲ್ಲಿ ಹೂವು ಕಡಿಮೆ ಬಿದ್ದ ದಿನ ಜೋಹರಾ ತನ್ನ ಮಾಳಿಗೆಯಿಂದ ಬಿಳಿಯವನ್ನೇ ಆರಿಸಿ ಗೋಡೆಯ ಮೇಲಿಡುತ್ತಿದ್ದಳು.

ಯುಗಾದಿಯ ಹೊತ್ತಿಗೆ ಗುರುಲಿಂಗವ್ವನಿಗೆ ಊಟ ಸೇರದಾಯಿತು. ವಾಕರಿಕೆ, ತಲೆಸುತ್ತು. ಇಳಕಲ್ಲಿನ ಡಾಕ್ಟರು ಗ್ಯಾಸು ಎಂದರು, ಆಮೇಲೆ ವಯಸ್ಸು ಎಂದರು. ಮೇ ತಿಂಗಳಲ್ಲಿ ಬಚ್ಚಲ ಬಾಗಿಲಲ್ಲಿ ಕುಸಿದಾಗ ಸುನೀಲಕುಮಾರ ಬಾಗಲಕೋಟೆಯ ಒಂದು ದವಾಖಾನೆಗೆ ಸೇರಿಸಿದ. ಅಲ್ಲಿ ಮಲಗಿ ಇಂದಿಗೆ ಆರು ದಿನ. ಅಲ್ಲಿಯೂ ಪೂಜೆ ತಪ್ಪಬಾರದೆಂದು ಜೋಹರಾ ದಿನವೂ ಮುಂಜಾನೆ ಹೂವು ಬಿಡಿಸಿ, ಒದ್ದೆ ಬಟ್ಟೆ ಹಾಸಿದ ಸ್ಟೀಲಿನ ಡಬ್ಬಿಯಲ್ಲಿಟ್ಟು, ಏಳರ ಬಸ್ಸಿನ ಕಂಡಕ್ಟರ್ ಹಣಮಪ್ಪನ ಕೈಗೆ ಕೊಡುತ್ತಿದ್ದಳು. ಬಾಗಲಕೋಟೆಯ ಸ್ಟ್ಯಾಂಡಿನಲ್ಲಿ ಸುನೀಲಕುಮಾರ ಇಳಿಸಿಕೊಳ್ಳುತ್ತಿದ್ದ. ಈ ಹೊತ್ತೂ ಡಬ್ಬಿ ಹೋಗಿತ್ತು. ಅದನ್ನು ಕೊಟ್ಟು ಮನೆಗೆ ಬಂದಾಗಲೇ ಹೋತ ಬಿದ್ದದ್ದು.

ಡಾಕ್ಟರ್ ಮುಬಶೀರಾ ಬರುವಷ್ಟರಲ್ಲಿ ಅದರ ಉಸಿರು ನಿಂತಿತ್ತು. ಆಕೆ ಅದರ ಬಾಯಿ ತೆರೆದು, ದವಡೆಯಲ್ಲಿ ಸಿಕ್ಕ ಹಸಿರು ಚೂರು ಹೊರತೆಗೆದು, ಬುಟ್ಟಿಯ ಟೊಂಗೆಯೊಂದಿಗೆ ಹಿಡಿದು ನೋಡಿದಳು.

"ಇದನ್ನ ತಿಂದೈತ್ರಿ ಚಾಚಿ. ಅಡೇನಿಯಂ. ವಿಷ ಇದು."

ಜೋಹರಾಳಿಗೆ ನಗು ಬಂತು. "ಹುಚ್ಚೇನವಾ ನಿನಗ? ಇದು ನನ್ನ ಗಡ್ಡಿ ಗುಲಾಬಿ. ವಿಷ ಇರೋದು ಕೆಳಗಿನ ಕಣಗಿಲಕ್ಕ. ಕೆಳಗ ಕಣಗಿಲ, ಮ್ಯಾಲ ಗುಲಾಬಿ."

"ಗುಲಾಬಿ ಅನ್ನೋದು ಹೆಸರಷ್ಟ ರೀ. ಇದೂ ಕಣಗಿಲದ ಬಳಗನ. ಹೂ ನೋಡ್ರಿ, ಕಾಯಿ ನೋಡ್ರಿ, ಮುರದ್ರ ಬರೋ ರಸ ನೋಡ್ರಿ. ಒಂದ ಕುಲ ಇರೋದಕ್ಕ ನಿಮ್ಮ ಕಸಿ ಹತ್ತೇತಿ. ಈ ಮಾಂಸ ಯಾರೂ ಮುಟ್ಟಬ್ಯಾಡ್ರಿ, ಹುಗದ ಬಿಡ್ರಿ."

ಜೋಡಿ ಕೊಂಬಿನ ಕಾಯಿ, ಕೂದಲಿನ ಬೀಜ, ಐದೆಸಳು. ಹುಟ್ಟಿದಾಗಿನಿಂದ ಕಣಗಿಲವನ್ನು ಕಂಡವಳು ಅವಳು. ಹತ್ತು ವರ್ಷ ಎರಡನ್ನೂ ತನ್ನ ಕೈಯಲ್ಲೇ ಹಿಡಿದು ಕಟ್ಟಿದವಳು. ಕಾಣಲಿಲ್ಲವೇ ತನಗೆ? 

"ಹೆಂಗ ಸಾಯತಾವವಾ ಇದನ್ನ ತಿಂದು?" ಎಂದು ಕೇಳಿದ್ದು ಅಮೀನಸಾಬ.

"ಗುಂಡಿಗಿ ಬಡತ ನಿಧಾನ ಆಕ್ಕೋಂತ ಹೋಗತೈತ್ರಿ. ಕಡೀಕ ನಿಂತ ಬಿಡತೈತಿ."

"ಮನಷ್ಯಾರಿಗೆ?" ಎಂದಳು ಜೋಹರಾ. "ಮನಷ್ಯಾರ ತಿಂದ್ರ ಏನಾಕೈತಿ?"

"ಹಂಗ ಆಕೈತ್ರಿ. ವಾಂತಿ, ತಲಿ ತಿರಗೋದು, ನಾಡಿ ನಿಧಾನ. ಕೆಲವರಿಗೆ ಕಣ್ಣಿಗೆ ಎಲ್ಲಾ ಹಳದಿ ಕಾಣತೈತಂತ. ಯಾಕ್ರಿ, ಯಾರರೆ ತಿಂದಾರೇನು?"

ಮೊನ್ನೆ ಬಾಗಲಕೋಟೆಗೆ ಹೋಗಿದ್ದಾಗ ಗುರುಲಿಂಗವ್ವ ಕೈಹಿಡಿದು ಹೇಳಿದ್ದಳು: "ಜೋಹರಾ, ಗೋಡಿ ಎಲ್ಲಾ ಅರಿಷಿಣ ಬಳದಂಗ ಕಾಣತಾವ ನೋಡವಾ." ಸುನೀಲಕುಮಾರ ಹೇಳಿದ್ದ: "ನಾಡಿ ನಲವತ್ತಕ್ಕ ಬಂದೈತ್ರಿ ಖಾಲಾ."  ಹೂವು. ಲಿಂಗದ ಮೇಲಿನ ಹೂವು, ಅದರ ಮೇಲೆ ಎರೆದ ನೀರು, ಆ ನೀರನ್ನು ಪೂಜೆಯಾದ ಮೇಲೆ ಗುರುಲಿಂಗವ್ವ ಕಣ್ಣಿಗೊತ್ತಿಕೊಂಡು ಕುಡಿಯುತ್ತಾಳೆ. ದಿನವೂ. ಮೂರು ತಿಂಗಳು. ಬಾಡದ ಹಾಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿ ಕಟ್ಟಿ ಕಳಿಸಿದವಳು ತಾನು!

"ಯಾರೂ ಇಲ್ಲವಾ, ಸುಮ್ನ ಕೇಳಿದೆ" ಎಂದಳು. ಡಾಕ್ಟರು ಹೋದ ಮೇಲೆ ಅಮೀನಸಾಬನ ತೋಳನ್ನು ಗಟ್ಟಿಯಾಗಿ ಹಿಡಿದು ಎಲ್ಲವನ್ನೂ ಹೇಳಿದಳು.

 ಅಮೀನಸಾಬ ಎದ್ದುಹೋಗಿ ಬೀದಿಯ ಬಾಗಿಲು ಹಾಕಿಕೊಂಡು ಬಂದ. "ಹೂ ಕಳಸೋದು ನಿಂದರಸು. ಬಾಯಿ ಬಿಡಬ್ಯಾಡ" ಎಂದ.

"ಆಕಿ ಸಾಯತಾಳ್ರಿ!"

"ಹೂ ನಿಂತ್ರ ತಾನ ಆರಾಮ ಆಕಾಳ. ಕೇಳಿಲ್ಲೆ ಜೋಹರಾ. ಲಿಂಗದ ಹೂವಿಗೆ ವಿಷ ಹಾಕಿದ್ರು ಅಂತ ಒಬ್ಬ ಅಂದ್ರ ಸಾಕು. ಯಾರು ಹಾಕಿದ್ರು, ಹೆಸರೇನು ಅಂತ ಕೇಳತಾರ. ಗೊತ್ತಿರಲಿಲ್ಲ ಅಂದ್ರ ಯಾರು ಕೇಳತಾರ? ಮೊಬೈಲ್‌ನ್ಯಾಗ ಸಂಜೀತನಕ ಊರೆಲ್ಲಾ ತಿರಗತೈತಿ. ಕಾಲ ಮೊದಲಿನಂಗಿಲ್ಲ."

ಜೋಹರಾ ಫೋನು ಎತ್ತಿಕೊಂಡಳು.  ಸುನೀಲಕುಮಾರ ಒಂದೇ ರಿಂಗಿಗೆ ಎತ್ತಿದ.

"ಹಾಂ ಖಾಲಾ, ನಿಮ್ಮ ಹೂ ಬಂದ್ವು. ಅವ್ವ ಜಳಕಾ ಮಾಡಿ ಕುಂತಾಳ. ಇವತ್ತ ಒಂದಷ್ಟು ಟೆಸ್ಟ್ ಅದಾವು, ಅವು ಮುಗದ ಮ್ಯಾಲ ಪೂಜಾ. ನಾಳಿಗೆ ಎದಿಗೆ ಮಷಿನ್ ಕುಂದರಸ್ತಾರಂತ."

"ಮಷಿನ್?"

"ನಾಡಿ ಏರವಲ್ದು ರೀ. ಇನ್ನ ಕಾಯಂಗಿಲ್ಲ ಅಂದ್ರು ಡಾಕ್ಟರು."

 ಎದುರಿಗೆ ಅಮೀನಸಾಬ ಎರಡೂ ಕೈ ಜೋಡಿಸಿ ನಿಂತಿದ್ದ. "ಸುನೀಲಾ, ಆ ಹೂ ಅವ್ವಗ ಕೊಡಬ್ಯಾಡಪ್ಪಾ" ಎಂದಳು.

"ಯಾಕ್ರಿ?"

"ಹುಳ... ಹುಳ ಬಿದ್ದಾವ ಗಿಡಕ್ಕ. ಈಗ ನೋಡಿದೆ. ಒಗದ ಬಿಡು."

"ಆತ ಬಿಡ್ರಿ ಖಾಲಾ" ಎಂದು ಅವನು ಫೋನಿಟ್ಟ.

ಅಮೀನಸಾಬ ದೊಡ್ಡದಾಗಿ ಉಸಿರುಬಿಟ್ಟ.  ಹೂವೇನೋ ನಿಂತಿತು. ಆದರೆ ನಾಳೆ ಆ ಎದೆಯನ್ನು ಕೊಯ್ಯುತ್ತಾರೆ. ಯಾಕೆ ಕೊಯ್ಯುತ್ತಿದ್ದೇವೆ ಎಂಬುದು ಕೊಯ್ಯುವವರಿಗೇ ಗೊತ್ತಿಲ್ಲ. ಗೊತ್ತಿರುವವಳು ಇಲ್ಲಿ ಇಳಕಲ್ಲಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ಸತ್ತ ಹೋತದ ತೆರೆದ ಕಣ್ಣನ್ನು ಒಮ್ಮೆ ನೋಡಿದಳು. ಬುಟ್ಟಿಯಿಂದ ಹೂವಿದ್ದ ಒಂದು ಟೊಂಗೆ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಳು, ಬುರ್ಖಾ ತೊಟ್ಟಳು.

"ಎಲ್ಲಿಗೆ?"

"ಬಾಗಲಕ್ವಾಟಿಗೆ."

"ಜೋಹರಾ, ನಾ ಹೇಳಿದ್ದು—"

"ನೀವು ಹೇಳಿದ್ದು ಖರೇನ ಐತಿ. ನಂಗೂ ಅಂಜಿಕಿ ಐತಿ. ಆದ್ರೂ ಹೊಂಟೇನಿ."

 ಅಮೀನಸಾಬ ಗೂಟದ ಮೇಲಿನ ಟೋಪಿ ತೆಗೆದು ತಲೆಗಿಟ್ಟ. "ಒಬ್ಬಾಕಿನ್ನ ಕಳಸಂಗಿಲ್ಲ, ನಡಿ" ಎಂದ.

ಹುನಗುಂದ ದಾಟಿ, ಅಮೀನಗಡ ದಾಟಿ ಬಸ್ಸು ಓಡುತ್ತಿತ್ತು. ಹೆಂಗಸರ ಸೀಟಿನಲ್ಲಿ ಕೂತ ಜೋಹರಾ ಚೀಲವನ್ನು ಮೈಗೆ ತಾಗದಂತೆ ಹಿಡಿದುಕೊಂಡಿದ್ದಳು. ಹತ್ತು ವರ್ಷ ಮಕ್ಕಳಂತೆ ಬೆಳೆಸಿದ ಗಿಡದ ಟೊಂಗೆ ಮುಟ್ಟುವುದಕ್ಕೂ ಈಗ ಅಂಜಿಕೆ. ಕಿಟಕಿಯಾಚೆ ಒಂದು ಮನೆಯ ಮುಂದಿನ ಕುಂಡದಲ್ಲಿ ಅದೇ ಗುಲಾಬಿ ಬಣ್ಣ ಕಂಡಿತು. ತನ್ನ ಕೈಯದೇ ಇರಬೇಕು. ಬಾದಾಮಿ, ಗುಳೇದಗುಡ್ಡ, ತುಳಸಿಗೇರಿ, ಎಲ್ಲೆಲ್ಲಿಗೆ ಕೊಟ್ಟಿದ್ದಾಳೋ! ಯಾವ ಮನೆಯಲ್ಲಿ ಆಡು ಇದೆ, ಯಾವ ಮನೆಯಲ್ಲಿ ಅಂಬೆಗಾಲಿನ ಕೂಸಿದೆ?  

ದವಾಖಾನೆಯ ಎರಡನೆಯ ಮಹಡಿ. ಕಿಟಕಿಯ ಪಕ್ಕದ ಮಂಚದಲ್ಲಿ ಗುರುಲಿಂಗವ್ವ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಸುನೀಲಕುಮಾರ ಬದಿಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ. ಜೋಹರಾ ಬಾಗಿಲಲ್ಲೇ ನಿಂತಳು. ಲಿಂಗದ ಮೇಲೆ ಬಿಳಿ ಹೂವಿತ್ತು.

"ಬಂದಿ ಏನವಾ" ಎಂದು ಗುರುಲಿಂಗವ್ವ ದಣಿದ ನಗು ನಕ್ಕಳು. "ಹುಳ ಬಿದ್ದಾವ ಅಂದಿದ್ದಿಯಂತ. ಒಂದು ಹುಳಕ್ಕ ನೀ ಕಳಿಸಿದ ಹೂ ಒಗೀಲೇನು? ಮೂರು ನೀರಾಗ ತೊಳಸೇನಿ."

ಹಾಗೆನ್ನುತ್ತಲೇ ಆಕೆ ಲಿಂಗದ ಮೇಲಿನ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಒಂದು ಎಸಳು ಕಿತ್ತು ಬಾಯಿಗೆ ಹಾಕಿಕೊಂಡಳು. ಅಗಿದಳು. ಎರಡನೆಯ ಎಸಳಿಗೆ ಕೈಹಾಕಿದಳು.

ನೀರು ಎಂದುಕೊಂಡಿದ್ದಳಲ್ಲ ಜೋಹರಾ! ಬರೀ ನೀರು ಎಂದು! ಅವಳು ಎಲ್ಲಿಂದ ಹಾರಿದಳೋ, ಹೇಗೆ ಮುಟ್ಟಿದಳೋ, ಗುರುಲಿಂಗವ್ವನ ಬಲಗೈ ಮೇಲೆ ಹೊಡೆದ ಏಟಿಗೆ ಹೂವು ಹಾರಿ ನೆಲಕ್ಕೆ ಬಿತ್ತು. "ಉಗುಳು! ಅಕ್ಕಾ, ಉಗುಳು!" ಎಂದು ಆ ಮುದುಕಿಯ ಗಲ್ಲ ಹಿಡಿದು ಬಾಯಲ್ಲಿ ಬೆರಳು ಹಾಕಿ ಎಸಳನ್ನು ಹೊರಗೆಳೆದಳು.

ಇಡೀ ವಾರ್ಡು ಎದ್ದು ನಿಂತಿತು. ಲಿಂಗ ಕೈಯಲ್ಲಿ ಹಿಡಿದವಳ ಪ್ರಸಾದಕ್ಕೆ ಹೊಡೆಯುವುದೆಂದರೇನು! ಗುರುಲಿಂಗವ್ವ ಲಿಂಗವನ್ನು ಎದೆಗೆ ಅವಚಿಕೊಂಡು ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಸುನೀಲಕುಮಾರ ಜೋಹರಾಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದ.

"ಖಾಲಾ! ತಲಿ ಕೆಟ್ಟೈತೇನು ನಿಮಗ?"

"ವಿಷಪ್ಪಾ ಅದು. ಹುಳ ಅಲ್ಲ, ವಿಷ. ಸುಳ್ಳ ಹೇಳಿದೆ ನಾ." ಚೀಲದ ಟೊಂಗೆಯನ್ನು ತೆಗೆದು ಎಲ್ಲರ ಎದುರಿಗೆ ಹಿಡಿದಳು. "ಮುಂಜಾನೆ ನಮ್ಮ ಹೋತ ಇದನ್ನ ತಿಂದು ಸತ್ತೈತಿ. ಕಣಗಿಲದ ಬಳಗಂತ ಇದು. ಅಕ್ಕನ ಗಿಡದ ಬುಡಾನೂ ಕಣಗಿಲದ್ದ, ಅದನ್ನೂ ನಾ ಹೇಳಿರಲಿಲ್ಲ. ನಾನ ಕಟ್ಟಿದ್ದು, ನಾನ ಕೊಟ್ಟಿದ್ದು, ಡಬ್ಬಿ ಕಟ್ಟಿ ಕಳಿಸಿದ್ದೂ ನಾನ. ಡಾಕ್ಟರನ್ನ ಕರೀರಿ."

ಸುನೀಲಕುಮಾರನ ಕೈಯಿಂದ ತಂಬಿಗೆ ಜಾರಿತು. ಬಾಗಿಲ ಹೊರಗೆ ಅಮೀನಸಾಬ ಗೋಡೆಗೆ ಒರಗಿ ತಲೆತಗ್ಗಿಸಿ ನಿಂತಿದ್ದ. ಏಟು ಬೀಳುವುದಾದರೆ ತನ್ನ ಮೇಲೆ ಬೀಳಲಿ ಎಂಬಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ಡಾಕ್ಟರು ಬಂದರು. ಟೊಂಗೆಯನ್ನು ತಿರುಗಿಸಿ ನೋಡಿ, ಫೋನಿನಲ್ಲಿ ಯಾರೊಂದಿಗೋ ಬಹಳ ಹೊತ್ತು ಮಾತಾಡಿ ಗುರುಲಿಂಗವ್ವನ ಹತ್ತಿರ ಕೂತರು. "ಅಜ್ಜಿ, ದಿನಕ್ಕೆ ಎಷ್ಟು ತಿಂತಿದ್ರಿ?"

"ಒಂದು ಹೂವಿನ ಐದೂ ಎಸಳು ರೀ. ಲಿಂಗಕ್ಕ ಏರಿಸಿದ್ದು ಕಾಲಾಗ ಬೀಳಬಾರದಂತ."

"ಎಷ್ಟು ದಿನದಿಂದ?"

"ಶಿವರಾತ್ರಿಯಿಂದ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಾಳಿನ ಆಪರೇಷನ್ ಸದ್ಯಕ್ಕೆ ಬೇಡ, ಔಷಧ ಬದಲಿಸೋಣ, ರಾತ್ರಿಯೆಲ್ಲ ನಾಡಿಯ ಮೇಲೆ ಕಣ್ಣಿಡೋಣ ಎಂದರು. ಅವರು ಹೋದ ಮೇಲೆ ಸುನೀಲಕುಮಾರ ಜೋಹರಾಳ ಕಡೆ ತಿರುಗಿದ. ಅವನ ಕಣ್ಣು ಕೆಂಪಾಗಿದ್ದವು.

"ಗೊತ್ತಿರಲಿಲ್ಲ ಅನ್ನೋದು ತಿಳೀತ್ರಿ. ಆದ್ರ ಮುಂಜಾನೆ ಫೋನ್ ಹಚ್ಚಿದಾಗ ಗೊತ್ತಿತ್ತಲ್ರಿ ಖಾಲಾ? ವಿಷ ಅಂತ ಒಂದ ಮಾತ ಹೇಳಿದ್ರ ಅವ್ವ ಅದನ್ನ ಇವತ್ತ ಬಾಯಾಗ ಇಡತಿದ್ದಿಲ್ಲ."

ಜೋಹರಾ ಬಾಗಿ, ನೆಲಕ್ಕೆ ಬಿದ್ದಿದ್ದ ಹೂವನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು. 

ನಾಲ್ಕನೆಯ ದಿನ ನಾಡಿ ಅರವತ್ತಕ್ಕೆ ಬಂತು. ಗೋಡೆಗಳು ಮತ್ತೆ ಬೆಳ್ಳಗೆ ಕಂಡವು. ಮಷಿನ್ ಬೇಕಾಗಲಿಲ್ಲ. ಅಮೀನಸಾಬ ಹೆದರಿದ್ದಂತೆ ಯಾರೂ ಬೀದಿಯ ಬಾಗಿಲು ಬಡಿಯಲಿಲ್ಲ. ಸುನೀಲಕುಮಾರ ಹೊರಗೆ ಒಬ್ಬರೊಂದಿಗೂ ಈ ಮಾತು ಎತ್ತಿರಲಿಲ್ಲ. ಜೋಹರಾಳೊಂದಿಗೂ ಅವನು ಮಾತಾಡಲಿಲ್ಲ, ಅದು ಬೇರೆ. ಆ ದಿನಗಳಲ್ಲಿ ಜೋಹರಾ ಅಕ್ಕನ ಮನೆಯ ಬಿಳಿ ಗಿಡವನ್ನು ಬೇರುಸಹಿತ ಕಿತ್ತು ಆಳವಾಗಿ ಹುಗಿಸಿದಳು. ಮಾಳಿಗೆಯ ಏಣಿಗೆ ಬಾಗಿಲು ಮಾಡಿಸಿದಳು. ಬಾದಾಮಿಯವರೆಗೂ ಬಸ್ಸು ಹತ್ತಿ ಹೋಗಿ, ಗಿಡ ಒಯ್ದವರ ಮನೆಮನೆಗೆ ನುಗ್ಗಿ, "ನೋಡಾಕ ಇಟ್ಕೋರಿ, ಬಾಯ್ಗೆ ಬ್ಯಾಡ್ರಿ, ಆಡು ಕೂಸು ಮುಟ್ಟದಂಗ ಎತ್ತರಕ್ಕ ಇಡ್ರಿ, ವಿಷ ಐತಿ" ಎಂದು ಹೇಳಿ ಬಂದಳು. ಕೆಲವರು ಅವಳ ಎದುರಿಗೇ ಕಿತ್ತೆಸೆದರು. ಅವಳು ನಿಂತು ನೋಡಿದಳು.

ಗುರುಲಿಂಗವ್ವ ಮನೆಗೆ ಬಂದ ಮೂರನೆಯ ದಿನ ಮಧ್ಯಾಹ್ನ ಗೋಡೆಯ ಆಚೆಯಿಂದ ಕರೆದಳು. ಜೋಹರಾ ಹೋಗಿ ಈಚೆ ನಿಂತಳು. ಗುರುಲಿಂಗವ್ವ ಸೊರಗಿದ್ದಳು, ಆದರೆ ಕಣ್ಣು ತಿಳಿಯಾಗಿದ್ದವು.

"ಅಕ್ಕಾ, ಮಾಫ್ ಮಾಡು" ಎಂದಳು ಜೋಹರಾ.

"ಯಾತಕ್ಕ? ಹೂವಿಂದು ನಿನಗ ಗೊತ್ತಿದ್ದಿಲ್ಲ. ಅದನ್ನ ಯಾರು ಏನಂದ್ರೂ ನಾ ನಂಬತೇನಿ. ಅದಲ್ಲ ನಾ ಕೇಳೋದು. ಫೋನಿನ್ಯಾಗ ಹುಳ ಅಂತ ಯಾಕ ಹೇಳಿದಿ?"

ಜೋಹರಾ ಗೋಡೆಯ ಮಣ್ಣನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಸುಳ್ಳು ಹೇಳಬಹುದಿತ್ತು. ಒಂದು ಸುಳ್ಳಿಗೇ ಸಾಕಾಗಿತ್ತು ಅವಳಿಗೆ.

"ಅಂಜಿದ್ನಕ್ಕಾ."

"ಯಾರಿಗಿ?"

"ಮಂದಿಗೆ. ಸುನೀಲಗ." ಜೋಹರಾ ಗೋಡೆಯಿಂದ ಕೈ ತೆಗೆದಳು. "ನಿನಗೂ."

ಗುರುಲಿಂಗವ್ವ ದಂಗಾಗಿ ನೋಡಿದಳು. ದವಾಖಾನೆಯಲ್ಲಿ ವಿಷವೆಂಬ ಮಾತು ಕೇಳಿದಾಗಲೂ ಅವಳ ಮುಖ ಹೀಗೆ ಬಣ್ಣ ಕಳೆದುಕೊಂಡಿರಲಿಲ್ಲ. 

"ನನಗ? ನಿನ್ನ ಎರಡೂ ಬಾಣಂತನ ಮಾಡಿದಾಕಿ ನಾ. ನನಗ ಅಂಜಿದಿ?"

ಜೋಹರಾ ಹೂಂ ಎಂದು ತಲೆಯಾಡಿಸಿದಳು.

"ಯಾವತ್ತಿಂದ ಜೋಹರಾ?"

ಜೋಹರಾ ನೆನಪು ಮಾಡಿಕೊಳ್ಳಲು ನೋಡಿದಳು. ಇಂಥ ದಿನ ಎಂದು ಬೆರಳಿಟ್ಟು ತೋರಿಸುವ ದಿನ ಒಂದೂ ಸಿಗಲಿಲ್ಲ. ಯಾವಾಗಲೋ ಆ ಅಂಜಿಕೆ ಒಳಗೆ ಬಂದು ಕೂತಿತ್ತು. ಕೂತದ್ದು ಅವಳಿಗೂ ತಿಳಿದಿರಲಿಲ್ಲ.

"ಗೊತ್ತಿಲ್ಲಕ್ಕಾ" ಎಂದಳು.

ಗುರುಲಿಂಗವ್ವ ಎರಡೂ ಕೈಯಿಂದ ಗೋಡೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. ಅವಳ ಅಳು ಗೋಡೆಯ ಈಚೆಗೂ ಕೇಳಿಸುತ್ತಿತ್ತು.